ಹುಣಸೆಮರದವರೆಗೆ ಹೊನ್ನಾರು

ನೇಗಿಲು ಹಿಡಿಯುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಲ್ಕು ಚುನಾವಣೆಗಳಲ್ಲಿ ಊರೂರಿನ ಗೋಡೆಯ ಮೇಲೆ ‘ರೈತನ ಮಗ’ ಎಂದು ಬರೆಸಿಕೊಂಡವನು ನಾನು. ನಾಲ್ಕರಲ್ಲೂ ಗೆದ್ದಿದ್ದೆ. ಅಷ್ಟು ಜನ ನಂಬಿದ ಮೇಲೆ ನಾನೊಬ್ಬ ನಂಬದಿರಲು ಕಾರಣವೇನಿತ್ತು?

ಇದನ್ನು ನೆನಪಿನಿಂದ ಬರೆಯುತ್ತಿದ್ದೇನೆ. “ಅದೇ ಮೊದಲ್ನೇ ತಪ್ಪು,” ಎನ್ನುತ್ತಾಳೆ ಹೆಂಡತಿ ಜಯಮ್ಮ, ಎದುರಿಗೆ ಕುಳಿತು ಅವರೆಕಾಯಿ ಸುಲಿಯುತ್ತ. ಇಪ್ಪತ್ತು ವರ್ಷ ನಾನು ಶಾಸಕನಾಗಿದ್ದಾಗ ನಮ್ಮ ಹೊಲ ನೋಡಿಕೊಂಡವಳು ಅವಳು. ಆದ್ದರಿಂದ ಅವಳ ತಿದ್ದುಪಡಿಗಳನ್ನೂ ಸೇರಿಸುತ್ತಿದ್ದೇನೆ.

ಐದನೇ ಸಲ ನಿಲ್ಲುವ ಹೊತ್ತಿಗೆ ನಾನು ದಣಿದಿದ್ದೆ. ಬೆಳಗ್ಗೆ ಹನಗೋಡಿನಲ್ಲಿ ತಿಥಿ, ಮಧ್ಯಾಹ್ನ ಬೆಟ್ಟದಪುರದಲ್ಲಿ ಬೀಗರೂಟ. ಮೊದಲನೆಯದರಲ್ಲಿ ನಗಬಾರದು, ಎರಡನೆಯದರಲ್ಲಿ ನಿಟ್ಟುಸಿರು ಬಿಡಬಾರದು. ಇದನ್ನು ಅದಲುಬದಲು ಮಾಡದೆ ಇಪ್ಪತ್ತು ವರ್ಷ ಕಳೆದದ್ದೇ ನನ್ನ ರಾಜಕೀಯ ಸಾಧನೆ. ಇನ್ನೊಂದಿತ್ತು: ಬದು ಜಗಳ. ಅಣ್ಣತಮ್ಮಂದಿರು ಹೊಲದ ಗಡಿಗಾಗಿ ಕುಡುಗೋಲು ಹಿಡಿದರೆ ನನ್ನನ್ನು ಕರೆಯುತ್ತಿದ್ದರು. ನಾನು ಹೋಗಿ, ಬದುವಿನ ಮೇಲೆ ನಿಂತು ಭಾಷಣ ಮಾಡುತ್ತಿದ್ದೆ. ಭಾಷಣ ನಿಲ್ಲಿಸಲಿ ಎಂದಾದರೂ ಅವರು ರಾಜಿಯಾಗುತ್ತಿದ್ದರು.

ಮತದಾನಕ್ಕೆ ಇನ್ನೊಂದು ತಿಂಗಳಿದೆ ಎನ್ನುವಾಗ ಯುಗಾದಿ ಬಂತು. ನನ್ನ ಪಿ.ಎ. ಶಿವಣ್ಣ ತಲೆ ಕೆರೆದುಕೊಂಡ.

“ಸಾರ್, ನಿಮ್ಮನ್ನ ಮಣ್ಣಲ್ಲಿ ನೋಡಿ ಬಹಳ ದಿನ ಆಯ್ತು ಅಂತಾವ್ರೆ ಜನ. ಈ ಸಲ ಹೊನ್ನಾರು ನೀವೇ ಹೂಡಿಬುಡಿ. ಮೈಸೂರಿಂದ ಪೇಪರ್‌ನೋರನ್ನ ಕರೆಸ್ತೀನಿ.”

ಹೊನ್ನಾರು ಎಂದರೆ ವರ್ಷದ ಮೊದಲ ಉಳುಮೆ. ಯಾರ ಕೈಯಿಂದ ಶುರುವಾಗಬೇಕೆಂದು ಐನೋರು ಪಂಚಾಂಗ ನೋಡಿ ಹೇಳುತ್ತಾರೆ. ಅವನ ಹಿಂದೆ ಊರಿನ ಉಳಿದ ನೇಗಿಲುಗಳು ಸಾಲಾಗಿ ಹೋಗಬೇಕು. ನಮ್ಮೂರಲ್ಲಿ ಎರಡು ಕಟ್ಟಳೆ: ಹೊಲದ ಕೊನೆಯವರೆಗೆ ಮುಂದಿನವನು ನಿಲ್ಲಬಾರದು, ಹಿಂದಿನವರು ಮಾತಾಡಬಾರದು. ತಪ್ಪಿದರೆ ಮಳೆ ಕೈಕೊಡುತ್ತದೆ.

ಐನೋರು ಪಂಚಾಂಗ ಬಿಚ್ಚಿ, “ಜಕಾರದ ಹೆಸರಿನವರು,” ಎಂದರು. ಅಂದರೆ ಜವರಪ್ಪ, ನನ್ನ ಚಿಕ್ಕಪ್ಪನ ಮಗ, ಪಕ್ಕದ ಹೊಲದವನು. ಬೆಳಗ್ಗೆಯೇ ಎಣ್ಣೆ ಸ್ನಾನ ಮಾಡಿ, ಹೊಸ ಟವೆಲ್ ಹೊದ್ದು ತಯಾರಾಗಿದ್ದ.

ಶಿವಣ್ಣ ತಡಮಾಡಲಿಲ್ಲ. “ಜನಪ್ರತಿನಿಧಿ ಅನ್ನೋದೂ ಜಕಾರನೇ ಅಲ್ವಾ ಐನೋರೇ?”

ಐನೋರು ಕನ್ನಡಕ ಸರಿಮಾಡಿಕೊಂಡು ಆಕಾಶ ನೋಡಿದರು. ಜವರಪ್ಪ ನನ್ನನ್ನು ನೋಡಿದ.

“ನೀನೇ ಹೂಡಣ್ಣ. ನಂಗೇನು, ಮುಂದಿನ ವರ್ಷಾನೂ ಯುಗಾದಿ ಬತ್ತದೆ.”

ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ಅವನ ಮನೆ, ಮಾವನ ಮನೆ, ಷಡ್ಡಕರ ಮನೆ ಸೇರಿ ನಮ್ಮ ಬೂತಿನ ಅರ್ಧ ಓಟು ಅವನ ಟವೆಲ್ಲಿನ ಗಂಟಿನಲ್ಲಿದ್ದವು.

ಬಿಳಿ ಎತ್ತಿನ ಜೋಡಿ ಬಂತು. (“ಒಂದು ಬಿಳಿ, ಒಂದು ಮಾಸಲು,” ಜಯಮ್ಮ.) ನೇಗಿಲಿನ ಹಿಡಿ, ಮೇಳಿ, ಹಿಡಿದೆ. ಆಶ್ಚರ್ಯ! ಎತ್ತುಗಳು ನಡೆದವು. ನೇಗಿಲು ಮಣ್ಣು ಸೀಳಿತು. ನನ್ನ ಹಿಂದೆ ಆರು ನೇಗಿಲು, ತುಟಿ ಬಿಗಿದ ಆರು ಜನ. ಮುಂದೆ ಫೋಟೋಗ್ರಾಫರ್ ಹಿಮ್ಮುಖವಾಗಿ ನಡೆಯುತ್ತ, “ಸಾರ್, ನೆಲ ನೋಡ್ಬೇಡಿ, ತಲೆ ಎತ್ತಿ, ದೂರಕ್ಕೆ ನೋಡಿ!” ಎನ್ನುತ್ತಿದ್ದ.

ದೂರಕ್ಕೆ ನೋಡಿದೆ. ಹುಣಸೆಮರ ಕಂಡಿತು. ಕಂಡದ್ದೇ ತಡ, ಅಪ್ಪ ನೆನಪಾದ. ಹುಡುಗನಾಗಿದ್ದಾಗ ಇದೇ ಹೊಲದಲ್ಲಿ ಅಪ್ಪ ನನ್ನ ಕೈಗೆ ಮೇಳಿ ಕೊಟ್ಟು, “ಹುಣಸೆಮರ ನೋಡ್ಕಂಡು ಹೊಡಿ ಮಗ, ಸಾಲು ನೆಟ್ಟಗೆ ಬತ್ತದೆ,” ಅಂದಿದ್ದ. ಕಣ್ಣು ತುಂಬಿ ಬಂತು.

(“ಮಾವ ಅದ್ನ ಹೇಳಿದ್ದು ನಿಮ್ಮ ತಮ್ಮನಿಗೆ. ನೀವು ಹುಣಸೂರಿನ ಹಾಸ್ಟೆಲ್ಲಲ್ಲಿದ್ರಿ.”

“ನಿನಗೆ ಹೇಗೆ ಗೊತ್ತು?”

“ನಿಮ್ಮ ತಮ್ಮನೇ ಹೇಳಿದ. ಅವನೂ ಅಳ್ತಾ ಹೇಳಿದ.”)

ಯಾರಿಗಾದರೂ ಹೇಳಿರಲಿ, ಕಣ್ಣೀರು ನನ್ನದೇ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಯಾರೂ ಅರ್ಜಿ ಕೊಡದ ಕಡೆ ನಾನು ನಡೆಯುತ್ತಿದ್ದೆ. ಕಾಲಿಗೇನೋ ಅಂಗೈ ಎತ್ತರದ ಮಣ್ಣು ತಗುಲಿತು. ದಾಟಿದೆ. ಒಣಹುಲ್ಲು ಸಿಕ್ಕಿತು. ಉತ್ತೆ. ಹುಲ್ಲಿನ ಅಡಿಯ ನೆಲ ಬೆಣ್ಣೆಯಂತೆ ಮೆತ್ತಗಿತ್ತು. ನಮ್ಮ ಹೊಲ ಎಷ್ಟು ಹದವಾಗಿದೆ ಎಂದು ಹೆಮ್ಮೆಪಟ್ಟೆ.

ಫೋಟೋಗ್ರಾಫರ್ ಎಡವಿ ಅದೇ ಹುಲ್ಲಿನ ಮೇಲೆ ಕುಳಿತ. ಕುಳಿತಲ್ಲಿಂದಲೇ ಕ್ಲಿಕ್ಕಿಸಿದ. ನಾನು ನಿಲ್ಲಲಿಲ್ಲ. ನಿಲ್ಲಬಾರದಲ್ಲ! ಹಿಂದಿನ ಆರು ನೇಗಿಲೂ ಬಂದವು. ಅವರು ಮಾತಾಡಬಾರದಲ್ಲ!

ಹುಣಸೆಮರ ಮುಟ್ಟಿ, ಬೆವರು ಒರೆಸಿಕೊಂಡು, ಚಪ್ಪಾಳೆಗಾಗಿ ತಿರುಗಿದೆ. ಚಪ್ಪಾಳೆ ಇರಲಿಲ್ಲ. ಜಯಮ್ಮ ಸೆರಗು ಸಿಕ್ಕಿಸಿಕೊಂಡು ಓಡಿ ಬರುತ್ತಿದ್ದಳು.

“ಅಯ್ಯೋ, ಜವರಪ್ಪನ ಸಸಿ ಮಡಿ ಕಣ್ರೀ ಅದು!”

ಹುಲ್ಲು ಹೊದಿಸಿ, ದಿನಾ ಕೊಡದಲ್ಲಿ ನೀರು ಚಿಮುಕಿಸಿ, ಆ ವರ್ಷದ ಹೊಗೆಸೊಪ್ಪಿಗೆಂದು ಅವನು ಎಬ್ಬಿಸುತ್ತಿದ್ದ ಸಸಿ. ಏಳು ನೇಗಿಲು ಹಾದ ಮೇಲೆ ಅದು ಮಡಿಯಾಗಿ ಉಳಿದಿರಲಿಲ್ಲ.

“ಇದು ನಮ್ಮ ಹೊಲ ಅಲ್ವೇನೇ? ಹುಣಸೆಮರದವರೆಗೂ ನಮ್ಮದೇ!” ಎಂದೆ, ಇನ್ನೂ ಗಟ್ಟಿಯಾಗಿಯೇ.

ಜವರಪ್ಪ ಹತ್ತಿರ ಬಂದ. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು.

“ಮೂರು ಗುಂಟೆ ಅಣ್ಣ. ಎಲ್ಡನೇ ಸಲ ನೀನು ಗೆದ್ದಾಗ, ನಮ್ ಬದು ಜಗಳ ಮುಗೀಲಿ ಅಂತ ಇಲ್ಲೇ ನಿಂತ್ಕಂಡು ನಂಗೆ ಬುಟ್ಟುಕೊಟ್ಟೆಯಲ್ಲ. ‘ಬೇರೆಯವರಿಗೆ ಹೇಳೋ ಮೊದಲು ನಾನು ಮಾಡಿ ತೋರಿಸ್ತೀನಿ’ ಅಂತ ಮುಕ್ಕಾಲು ಗಂಟೆ ಮಾತಾಡ್ದೆ. ಹಾರ ನಾನೇ ಹಾಕಿದ್ದು.”

ಹಾರ ನೆನಪಾಯಿತು. ಸೇವಂತಿಗೆ ಹಾರ. ಕೊಟ್ಟ ನೆಲ ಮಾತ್ರ ನೆನಪಾಗಲಿಲ್ಲ.

“ಮರ್ತೇ ಹೋಯ್ತು ಕಣೋ,” ಎಂದೆ.

“ಅದೇ ಅಣ್ಣ, ಜನಾನೂ ಅದನ್ನೇ ಅಂತಾವ್ರೆ.”

ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು. ನಾನು ತಲೆ ಎತ್ತಿ ದೂರಕ್ಕೆ ನೋಡುತ್ತಿದ್ದೆ, ಕಣ್ಣಲ್ಲಿ ನೀರು, ಕಾಲಡಿಯಲ್ಲಿ ಜವರಪ್ಪನ ಸಸಿ. ಮೇಲೆ ದಪ್ಪ ಅಕ್ಷರ: ‘ದಾಯಾದಿ ಹೊಲ ಉತ್ತ ಶಾಸಕರು!’ ನಮ್ಮೂರಿನಲ್ಲಿ ಸೆಲ್ ಫೋನಿನಲ್ಲಿ ಮಾತಾಡಬೇಕಾದರೆ ನೀರಿನ ಟ್ಯಾಂಕು ಹತ್ತಬೇಕಿದ್ದ ಕಾಲ. ಪಕ್ಷದವರ ಬೈಗುಳ ಕೇಳಲು ನಾನು ಅಂದು ಮೂರು ಸಲ ಟ್ಯಾಂಕು ಹತ್ತಿದೆ.

ಜವರಪ್ಪನ ಆ ವರ್ಷ ಹಾಳಾಗಲಿಲ್ಲ. ಜಯಮ್ಮ ನನ್ನನ್ನು ಕೇಳದೆ ನಮ್ಮ ಮಡಿಯ ಸಸಿಯಲ್ಲಿ ಅರ್ಧ ಅವನಿಗೆ ಕೊಟ್ಟಳು. ಆದರೆ ಪ್ರಚಾರಕ್ಕೆ ಹೋದ ಕಡೆಯೆಲ್ಲ, ನನ್ನನ್ನು ಕಂಡ ಕೂಡಲೇ ಜನ ತಮ್ಮ ಬದುವಿನ ಮೇಲೆ ಹೋಗಿ ನಿಲ್ಲುತ್ತಿದ್ದರು. ಗಾವಡಗೆರೆಯಲ್ಲಿ ಒಬ್ಬಳು ಮುದುಕಿಯಂತೂ, “ಬಾ ಕಣಪ್ಪ, ಕಾಫಿ ಕುಡಿ, ಹಿತ್ಲ ಕಡೀಕೆ ಮಾತ್ರ ಹೋಗ್ಬ್ಯಾಡ,” ಅಂದಳು.

ಸೋತೆ. ನಮ್ಮೂರ ಬೂತಿನಲ್ಲಿ ಎಲ್ಲ ಕಡೆಗಿಂತ ಚೆನ್ನಾಗಿ ಸೋತೆ.

ಎಣಿಕೆಯಾದ ವಾರಕ್ಕೆ ಜವರಪ್ಪ ಗಾಡಿಯಲ್ಲಿ ಒಂದು ಕಲ್ಲುಕಂಬ ತಂದ.

“ಗಡಿಕಲ್ಲು ನೆಡ್ತಾ ಇವ್ನಿ. ನಿನ್ ಕೈಲೇ ಆಗ್ಲಿ ಅಣ್ಣ.”

ಹೋದೆ. ಜಯಮ್ಮ ಹಗ್ಗ ಹಿಡಿದು ಗೆರೆ ನೋಡಿದಳು. ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದರು. ನಾನು ಗಂಟಲು ಸರಿಮಾಡಿಕೊಂಡೆ.

“ಭಾಷಣ ಬ್ಯಾಡ ಕಣಣ್ಣ. ಕಲ್ಲು ಹಿಡ್ಕೊ, ವಾಲ್ತಾ ಅದೆ.”

ಹಿಡಿದುಕೊಂಡೆ. ಕ್ಷೇತ್ರದ ತುಂಬ ನಾನು ಹಾಕಿದ ಅಡಿಗಲ್ಲುಗಳಿವೆ. ಕೆಲವು ಕಡೆ ಇಂದಿಗೂ ಕಲ್ಲು ಮಾತ್ರ ಇದೆ. ಹಾಕಿದ ದಿನವೇ ಪೂರ್ತಿಯಾದ ಕಾಮಗಾರಿ ನನ್ನ ಜೀವನದಲ್ಲಿ ಅದೊಂದೇ!

ಅದೂ ಈಗ ಒಂದಿಷ್ಟು ವಾಲಿದೆ. ತನ್ನ ಕಡೆಗೆ ಎನ್ನುತ್ತಾನೆ ಜವರಪ್ಪ. ನಮ್ಮ ಕಡೆಗೆ ಎನ್ನುತ್ತಾಳೆ ಜಯಮ್ಮ. ವಾರದಿಂದ ಬದುವಿನ ಆಚೆ ಈಚೆ ಇಬ್ಬರದೂ ಜೋರು ಮಾತು ನಡೆದಿದೆ. ರಾಜಿ ಮಾಡಿಸಲು ಯಾರನ್ನೋ ಕರೆಸುತ್ತಾರಂತೆ.

ನನ್ನನ್ನಲ್ಲ.