ದೊಡ್ಡಮ್ಮನ ಚೀಟಿ ಆಟ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ತಪ್ಪು ನನ್ನದು. ಆದರೆ ಹುಚ್ಚು ಮಾತ್ರ ನಮ್ಮ ದೊಡ್ಡಮ್ಮನದು!

ಸಿಕ್ಕವರನ್ನೆಲ್ಲ ಅಣಕಿಸುವುದು ನನ್ನ ಚಾಳಿ. ತಿಪಟೂರಿನ ಕೊಬ್ಬರಿ ದಲ್ಲಾಳಿಯ ಕೆಮ್ಮು, ಬಸ್ ಕಂಡಕ್ಟರನ ಮೂಗಿನ ರಾಗ, ಫೋಟೋ ಎಂದೊಡನೆ ಹೊಟ್ಟೆ ಒಳಗೆಳೆದುಕೊಳ್ಳುವ ನನ್ನನ್ನೂ ಸೇರಿಸಿ, ಯಾರನ್ನೂ ಬಿಟ್ಟಿಲ್ಲ. ಹೋದ ವರ್ಷ ಒಂದು ನಾಮಕರಣದ ಮನೆಯಲ್ಲಿ, ಚಪ್ಪಾಳೆಯ ಆಸೆಗೆ, ಅಕ್ಕನ ಮಗಳು ಪುಟ್ಟಿಯನ್ನೂ ಅಣಕಿಸಿದೆ. ಆರು ವರ್ಷದ ಹುಡುಗಿ. ಮೊದಲ ಅಕ್ಷರದಲ್ಲೇ ಅವಳ ನಾಲಿಗೆ ತಡೆಯುತ್ತದೆ. ಊಟದ ಪಂಕ್ತಿಯೆಲ್ಲ ನಕ್ಕಿತು. ಪುಟ್ಟಿಯೂ ನಕ್ಕಳು. ಆಮೇಲೆ ಬಾಯಿ ಮುಚ್ಚಿದಳು. ಎರಡು ತಿಂಗಳಾದರೂ ಅಮ್ಮನ ಕಿವಿಯೊಳಗೆ ಬಿಟ್ಟರೆ ಬೇರೆಲ್ಲೂ ಮಾತಿರಲಿಲ್ಲ. ಶಾಲೆಯಲ್ಲಿ ಹಾಜರಿ ಕೂಗಿದರೂ ಬರೀ ಕೈ ಎತ್ತುತ್ತಿದ್ದಳಂತೆ.

ಅಕ್ಕ ಅವಳನ್ನು ಕಂದಿಕೆರೆಗೆ, ದೊಡ್ಡಮ್ಮನ ಬಳಿ ಕರೆದೊಯ್ದಳು. ಅಪರಾಧಿಯೂ ಹಾಜರಿರಲಿ ಎಂದು ನನ್ನನ್ನೂ ಎಳೆದೊಯ್ದಳು.

ದೊಡ್ಡಮ್ಮನ ಹುಚ್ಚೇನು ಗೊತ್ತೆ? ಮದುವೆಯಿರಲಿ, ತಿಥಿಯಿರಲಿ, ಎಲೆಅಡಿಕೆ ಚೀಲದಿಂದ ಚೀಟಿ ತೆಗೆದು ಮಕ್ಕಳನ್ನು ಸುತ್ತ ಕೂರಿಸಿಕೊಳ್ಳುತ್ತಾಳೆ. ಚೀಟಿಯಲ್ಲಿರುವುದರ ಹೆಸರು ಹೇಳದೆ ಅದನ್ನು ವರ್ಣಿಸಬೇಕು, ಮಿಕ್ಕವರು ಊಹಿಸಬೇಕು. ಹೇಳುವವರು ಮುಗಿಸುವ ಮೊದಲೇ ಬಾಯಿ ಹಾಕಿದರೋ, ತಲೆಯ ಮೇಲೆ ತೆಂಗಿನಕಾಯಿ ಹೊತ್ತು ಒಂಟಿಕಾಲಲ್ಲಿ ನಿಲ್ಲಬೇಕು! ಒಂದು ಮದುವೆಯಲ್ಲಿ ಗಂಡಿನ ತಮ್ಮನೇ ಹಾಗೆ ನಿಂತಿದ್ದ. ಫೋಟೋದವನು ಅದೂ ಒಂದು ಶಾಸ್ತ್ರವೆಂದುಕೊಂಡು ಹನ್ನೆರಡು ಫೋಟೋ ತೆಗೆದ.

“ದೊಡ್ಡಮ್ಮ, ಇದ್ರಿಂದ ಮಕ್ಳಿಗೇನು ಬತ್ತದೆ? ಮಗ್ಗಿ ಹೇಳ್ಕೊಡು, ಉಪಯೋಗಕ್ಕೆ ಬತ್ತದೆ,” ಎಂದೆ.

ಅವಳು ಅಟ್ಟದ ಕಡೆ ಕೈ ತೋರಿಸಿದಳು. ಅಲ್ಲಿ ಕಾಯಿಗಳು ಕೊಬ್ಬರಿಯಾಗಲು ಒಣಗುತ್ತಿದ್ದವು. “ಅದ್ಕೆ ವರ್ಷಗಟ್ಲೆ ಕಾಯ್ತೀವಿ. ಒಬ್ರು ಮಾತು ಮುಗಿಸೋಗಂಟ ಒಂದ್ನಿಮಿಷ ಕಾಯಕಾಗಲ್ವೇನ್ಲಾ? ಮಕ್ಳು ಅದನ್ನೇ ಕಲೀಬೇಕಾದ್ದು.”

“ಕಾಯಕಾಗಲ್ವೇನ್ಲಾ!” ಎಂದೆ, ಅವಳದೇ ದನಿಯಲ್ಲಿ.

ಯಾವಾಗಲೂ ನಗುವವಳು ಅವತ್ತು ನಗಲಿಲ್ಲ.

“ನಿಮ್ ದೊಡ್ಡಪ್ಪಂಗೂ ಮಾತು ತಡೀತಿತ್ತು ಕಣ್ಲಾ. ಅವರು ಒಂದಕ್ಷರ ಅಂದ್ರೆ ಮಿಕ್ಕಿದ್ದು ನಾನೇ ಹೇಳ್ಬುಡ್ತಿದ್ದೆ. ಪಾಪ, ಕಷ್ಟ ಪಡ್ತಾರಲ್ಲ ಅಂತ. ನಲವತ್ತು ವರ್ಷ! ಕೊನೇ ದಿನ ಆಸ್ಪತ್ರೇಲಿ ಏನೋ ಹೇಳಕ್ಕೆ ಬಾಯಿ ತೆರೆದ್ರು. ‘ನೀರಾ?’ ಅಂದೆ. ಯಾವತ್ತಿನಂಗೆ ಹೂಂ ಅಂತ ತಲೆ ಆಡಿಸಿದ್ರು. ಲೋಟ ತರೋದ್ರೊಳಗೆ ಹೋಗ್ಬುಟ್ರು.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಅವರು ಹೇಳಕ್ಕೆ ಬಂದಿದ್ದು ನೀರಲ್ಲ ಕಣ್ಲಾ.”

ನಾನು ಅಟ್ಟದ ಕಾಯಿಗಳನ್ನು ಎಣಿಸತೊಡಗಿದೆ.

ಅಕ್ಕಪಕ್ಕದ ಮಕ್ಕಳು ಬಂದರು. ದೊಡ್ಡಮ್ಮ ಪುಟ್ಟಿಯ ಕೈಗೆ ಚೀಟಿ ಕೊಟ್ಟಳು. ಅವಳು ನೋಡಿದಳು, ಸುಮ್ಮನೆ ಕೂತಳು. ಮಕ್ಕಳೂ ಕೂತರು. ಒಬ್ಬರೂ ಕಿಸಕ್ಕೆನ್ನಲಿಲ್ಲ, ಒಬ್ಬರೂ “ಹೇಳೇ ಬೇಗ” ಎನ್ನಲಿಲ್ಲ. ಅಷ್ಟು ಹೊತ್ತು ಕಾಯುವುದು ನಮ್ಮ ಮನೆಯ ದೊಡ್ಡವರಲ್ಲಿ ಯಾರಿಗೆ ಬರುತ್ತದೆ ಹೇಳಿ?

“ದ... ದನ ಕ... ಕಟ್ಟೋದು,” ಎಂದಳು ಪುಟ್ಟಿ.

“ಹಗ್ಗ!” ಎಂದು ಮಕ್ಕಳೆಲ್ಲ ಕೂಗಿದರು. ಅಕ್ಕ ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು.

ದೊಡ್ಡಮ್ಮ ಹೊಸ ಚೀಟಿಯೊಂದರಲ್ಲಿ ಎರಡೇ ಅಕ್ಷರ ಬರೆದು ಪುಟ್ಟಿಗೆ ಕೊಟ್ಟಳು. “ನೀನು ಹೇಳು, ಇದ್ನ ನಿಮ್ ಮಾಮನೇ ಊಹಿಸ್ಲಿ.”

“ಎ... ಎಲ್ರ ಥರಾನೂ ಮಾತಾಡ್ತದೆ,” ಎಂದಳು ಪುಟ್ಟಿ. ನಾನು ತುಟಿ ಕಚ್ಚಿ ಕಾದೆ. “ಎಲ್ರೂ ನ... ನಗ್ತಾರೆ.”

ಯಾರೆಂದು ತಿಳಿಯಿತು. ನಾನೇ! ಒಪ್ಪಿಕೊಳ್ಳುವ ಧೈರ್ಯ ಬೇಕಲ್ಲ? “ಗಿಣಿ!” ಎಂದೆ, ಹಲ್ಲು ಕಿರಿದು.

ಪುಟ್ಟಿ ನಗಲಿಲ್ಲ. ನನ್ನ ಕಣ್ಣನ್ನೇ ನೋಡಿದಳು.

“ಗಿ... ಗಿಣಿ ಅಲ್ಲ ಮಾಮ. ಗಿಣಿ ಬೇಕೂಂತ ಅಣಕಿಸಲ್ಲ.”