ಮರಿಗಳು ಸದಾ ಲಭ್ಯ

ಲೋಕದಲ್ಲಿ ಎಲ್ಲರೂ ಮೊದಲು ನಾಯಿ ತರುತ್ತಾರೆ, ಮಿಕ್ಕದ್ದೆಲ್ಲ ಆಮೇಲೆ. ಮುಂಬಯಿ ಬಳಿಯ ಕೋಪರಿಯ ಭುಜಂಗಣ್ಣ ಹಾಗಲ್ಲ. ಅವನು ಮೊದಲು ವಿಸಿಟಿಂಗ್ ಕಾರ್ಡು ಮಾಡಿಸಿದ. ಒಂದಲ್ಲ ಎರಡಲ್ಲ, ಐನೂರು ಕಾರ್ಡು! ಉಲ್ಹಾಸನಗರದ ಪ್ರೆಸ್ಸಿನಲ್ಲಿ, ದಪ್ಪ ಕಾಗದದ ಮೇಲೆ, ಬಂಗಾರದ ಅಕ್ಷರದಲ್ಲಿ: ‘ಭುಜಂಗ ಕೆನೆಲ್ಸ್, ಕೋಪರಿ. ಶುದ್ಧ ತಳಿಯ ಲ್ಯಾಬ್ರಡಾರ್ ಮರಿಗಳು ಸದಾ ಲಭ್ಯ.’

“ನೋಡ್ತಾ ಇರು ಸುಂದರಿ,” ಎಂದು ಒಂದು ಕಾರ್ಡನ್ನು ಬೆಳಕಿಗೆ ಹಿಡಿದು ಘೋಷಿಸಿದ. “ಇನ್ನೆರಡು ವರ್ಷದಲ್ಲಿ ಠಾಣೆಯಿಂದ ಕಲ್ಯಾಣದವರೆಗೆ ಯಾವ ಬಾಲ ಅಲ್ಲಾಡಿದ್ರೂ ಅದು ನಮ್ಮ ಮನೆಯ ಬಾಲ!”

ಹೆಂಡತಿ ಸುಂದರಿ ಬಾಣಲೆಯಿಂದ ಗೋಳಿಬಜೆ ತೆಗೆಯುತ್ತಿದ್ದಳು. “ಬಾಲ ಅಲ್ಲಾಡ್ಲಿಕ್ಕೆ ಮೊದಲು ನಾಯಿ ಬೇಕಲ್ವಾ ಮಾರಾಯ್ರೆ?”

“ಅದೆಲ್ಲ ಸಣ್ಣ ವಿಷಯ!”

ಸಣ್ಣ ವಿಷಯವಾಗಿರಲಿಲ್ಲ. ಸ್ಟೇಷನ್ನಿನ ಪಕ್ಕದ ಹೋಟೆಲಿನ ಗಲ್ಲಾದ ಮೇಲೆ ಮೂವತ್ತನಾಲ್ಕು ವರ್ಷ ಕೂತವನು ಭುಜಂಗಣ್ಣ. ಆರು ತಿಂಗಳ ಹಿಂದೆ ಮಗ ರಂಜನ್ ಬಹಳ ಗೌರವದಿಂದ, “ಅಪ್ಪ, ಇನ್ನು ನೀವು ಆರಾಮ್ ಮಾಡಿ,” ಎಂದು ಆ ಕುರ್ಚಿಯಿಂದ ಎಬ್ಬಿಸಿದ. ಆರಾಮ್ ಮಾಡುವುದು ಹೇಗೆಂದು ಭುಜಂಗಣ್ಣನಿಗೆ ಯಾರೂ ಕಲಿಸಿರಲಿಲ್ಲ. ಬಾಲ್ಕನಿಯಲ್ಲಿ ನಿಂತು ಲೋಕಲ್ ಟ್ರೇನುಗಳನ್ನು ಎಣಿಸಿದ. ಸ್ಲೋ, ಫಾಸ್ಟ್ ಬೇರೆ ಬೇರೆ ಎಣಿಸಿದ. ಹನ್ನೊಂದು ಗಂಟೆಯ ಹೊತ್ತಿಗೆ ಇಡೀ ದಿನ ಮುಗಿದಂತಾಗುತ್ತಿತ್ತು, ಆದರೆ ಮುಗಿದಿರುತ್ತಿರಲಿಲ್ಲ.

ಆಗ ಹಳೆಯ ಆಸೆಯೊಂದು ಎದ್ದು ಕೂತಿತು. ಹುಡುಗನಾಗಿದ್ದಾಗ ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಒಂದು ಕಂದು ನಾಯಿ ಇತ್ತು. ಹರಿದ ದೋಸೆಗಳನ್ನು ಇವನ ಕೈಯಿಂದಲೇ ತಿನ್ನುತ್ತಿತ್ತು. ಅದನ್ನು ಸಾಕೋಣ ಎಂದು ಕೇಳಿದಾಗ ಅಪ್ಪ ಸೌಟು ಎತ್ತಿ ಉತ್ತರ ಕೊಟ್ಟಿದ್ದರು. ಆ ಆಸೆ ಅಲ್ಲಿಗೇ ಮಲಗಿತ್ತು. ಆದರೆ ಐವತ್ತೆಂಟು ವರ್ಷದ ಗಂಡಸು, ಅದೂ ಮೂವತ್ತನಾಲ್ಕು ವರ್ಷ ಗಲ್ಲಾ ಆಳಿದವನು, “ನನಗೊಂದು ನಾಯಿ ಬೇಕು” ಎಂದು ಹೇಗೆ ಬಾಯಿಬಿಟ್ಟು ಹೇಳುವುದು? ಮಾನ ಉಳಿಯಬೇಕಾದರೆ ಅದು ಬಿಸಿನೆಸ್ಸೇ ಆಗಬೇಕು. ಹಾಗಾಗಿ ಐನೂರು ಕಾರ್ಡು.

ಡೊಂಬಿವಲಿಯ ಕನ್ನಡ ಸಂಘದಲ್ಲಿ ಯಾರೋ ಕಲ್ಯಾಣದ ನಳಿನಾಕ್ಷಿ ಟೀಚರ ನಂಬರು ಕೊಟ್ಟರು. ಮೈಸೂರಿನವರು, ನಿವೃತ್ತ ಶಿಕ್ಷಕಿ, ಲ್ಯಾಬ್ರಡಾರ್ ನಾಯಿಗಳನ್ನು ಸಾಕುವುದರಲ್ಲಿ ಎತ್ತಿದ ಕೈ. ಮನೆಯಲ್ಲಿ ಆರು ಮರಿಗಳಿವೆಯಂತೆ! ಭುಜಂಗಣ್ಣ ಈರುಳ್ಳಿ ವ್ಯಾಪಾರಿಗೆ ಫೋನು ಮಾಡುವ ಗತ್ತಿನಲ್ಲಿ ಫೋನು ಮಾಡಿದ. “ಎರಡು ಮರಿ ಬೇಕಿತ್ತು. ಒಂದು ಗಂಡು, ಒಂದು ಹೆಣ್ಣು. ಇವತ್ತೇ ಕಳಿಸ್ತೀರಾ?”

ಮರಿ ಬರಲಿಲ್ಲ, ಪ್ರಶ್ನೆಗಳು ಬಂದವು. ಮನೆ ಎಷ್ಟನೇ ಮಹಡಿ? ಲಿಫ್ಟ್ ಇದೆಯಾ? ಹಗಲಲ್ಲಿ ಮನೇಲಿ ಯಾರಿರ್ತಾರೆ? ಊರಿಗೆ ಹೋದಾಗ ನಾಯಿ ಎಲ್ಲಿರುತ್ತೆ? ಬಾಲ್ಕನಿಗೆ ಗ್ರಿಲ್ ಇದೆಯಾ? ನಲವತ್ತು ನಿಮಿಷ! ಭುಜಂಗಣ್ಣ ಫೋನಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ: “ನಿನ್ನನ್ನು ಕೊಡುವಾಗ ನಿನ್ನ ಅಪ್ಪ ಸಹ ಇಷ್ಟು ಕೇಳ್ಲಿಲ್ಲ!”

“ಕೇಳ್ಬೇಕಿತ್ತು,” ಎಂದಳು ಸುಂದರಿ. “ಅಲ್ಲಿಯೇ ತಪ್ಪಾದದ್ದು.”

ಕೊನೆಯ ಪ್ರಶ್ನೆ ಬಂತು. “ಹಿಂದೆ ನಾಯಿ ಸಾಕಿದ ಅನುಭವ ಇದೆಯಾ?”

‘ಇಲ್ಲ’ ಎಂದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹೋಟೆಲಿನವನ ಬಾಯಲ್ಲಿ ‘ಇಲ್ಲ’ ಎಂಬ ಮಾತು ಅಷ್ಟು ಸುಲಭಕ್ಕೆ ಬರುವುದಿಲ್ಲ. “ಹಿಂದೆ ಎಂತ ಟೀಚರೇ, ಈಗಲೂ ಉಂಟಲ್ಲ! ಲ್ಯಾಬ್ರಡಾರೇ!”

ಎರಡೂ ಕಿವಿ ಕೆಂಪಗಾದವು. ಸುಳ್ಳು ಹೇಳಿದಾಗ ಭುಜಂಗಣ್ಣನ ಕಿವಿ ಕೆಂಪಾಗುವುದನ್ನು ಸುಂದರಿ ಮದುವೆಯಾದ ಮೂರನೇ ದಿನವೇ ಕಂಡುಹಿಡಿದಿದ್ದಳು. ಆಮೇಲೆ ಅವನನ್ನು ಪ್ರಶ್ನೆ ಕೇಳುವ ಅಗತ್ಯವೇ ಅವಳಿಗೆ ಬಿದ್ದಿರಲಿಲ್ಲ.

“ಹೌದಾ!” ಎಂದರು ಟೀಚರು. “ಹಾಗಾದ್ರೆ ನೋಡ್ಲೇಬೇಕು. ಗುರುವಾರ ಹನ್ನೊಂದು ಗಂಟೆಗೆ ಬರ್ತೀನಿ.”

ಗುರುವಾರದ ಒಳಗೆ ಒಂದು ಲ್ಯಾಬ್ರಡಾರ್ ಹುಟ್ಟಿಸಬೇಕು! ಪುಣ್ಯಕ್ಕೆ ಕೆಳಗಿನ ಮಹಡಿಯಲ್ಲಿ ಮರಾಠಿ ಮಾತಿನ ದಮಯಂತಿ ಕಾಕು ಇದ್ದರು. ಮಗ ಸೊಸೆ ಆಫೀಸಿಗೆ ಹೋದ ಮೇಲೆ ಅವರ ನಾಯಿ ಮೋದಕನನ್ನು ನೋಡಿಕೊಳ್ಳುವುದು ಅವರ ಪಾಲಿಗೆ ಬಂದ ಕೆಲಸ. ನಾಲ್ಕು ವರ್ಷದ, ಜೇನಿನ ಬಣ್ಣದ, ದುಂಡುದುಂಡಾದ ಲ್ಯಾಬ್ರಡಾರ್. ಎರಡು ಗಂಟೆಯ ಮಟ್ಟಿಗೆ ಕೊಡುತ್ತೀರಾ ಎಂದು ಕೇಳಿದ್ದೇ ತಡ, ಕಾಕು ಹಗ್ಗವನ್ನು ಇವನ ಕೈಗೆ ತುರುಕಿ, “ಘೇವೂನ್ ಜಾ ಭಾವು!” ಎಂದು ಒಯ್ಯಲು ಹೇಳಿ ಟೀವಿ ಮುಂದೆ ಕೂತರು.

ಕಾರ್ಡಿನ ಡಬ್ಬಿ ಸೋಫಾದ ಅಡಿಗೆ ಹೋಯಿತು. ಸುಂದರಿ ಸ್ಪಷ್ಟವಾಗಿ ಹೇಳಿದಳು: “ನಾನು ಸುಳ್ಳು ಹೇಳುವುದಿಲ್ಲ. ನಿಮ್ಮ ಸುಳ್ಳನ್ನು ಬಿಡಿಸಲಿಕ್ಕೂ ಬರುವುದಿಲ್ಲ. ಅಡುಗೆಮನೆಯಲ್ಲಿ ಇರ್ತೇನೆ. ಕೆಮ್ಮು ಬಂದ್ರೆ ಕೆಮ್ಮುತ್ತೇನೆ, ಅಷ್ಟೇ.”

ಸರಿಯಾಗಿ ಹನ್ನೊಂದಕ್ಕೆ ಮೆಟ್ಟಿಲಿನ ಮೇಲೆ ಚಪ್ಪಲಿ ಸದ್ದಾಯಿತು. ಮೋದಕ ಕಿವಿ ನಿಮಿರಿಸಿದ. ಬಾಗಿಲು ತೆರೆದದ್ದೇ, ಕಾಟನ್ ಸೀರೆಯ ನಳಿನಾಕ್ಷಿ ಟೀಚರ ಮೇಲೆ ಹಾರಿ, ಕುಂಯ್‌ಗುಟ್ಟಿ, ಮೂರು ಸುತ್ತು ಸುತ್ತಿ, ಕಾಲ ಬಳಿ ಅಂಗಾತ ಬಿದ್ದ.

“ನೋಡಿ ಟೀಚರೇ!” ಭುಜಂಗಣ್ಣನಿಗೆ ತನ್ನ ಅದೃಷ್ಟವನ್ನೇ ನಂಬಲಾಗಲಿಲ್ಲ. “ನಮ್ಮ ಮನೆಯ ಸಂಸ್ಕಾರ! ಅತಿಥಿಗಳು ಅಂದ್ರೆ ಪ್ರಾಣ!”

ಟೀಚರು ಕುಕ್ಕರುಗಾಲಲ್ಲಿ ಕೂತು ಮೋದಕನ ಎಡಗಿವಿ ಮಡಚಿ ಒಳಗೆ ನೋಡಿದರು. ನಕ್ಕರು. ಚೀಲದಿಂದ ದಪ್ಪ ನೋಟ್‌ಬುಕ್ ತೆಗೆದು ಏನೋ ಬರೆದರು. ನಾಯಿಯ ಕಿವಿಯಲ್ಲಿ ಬರೆಯುವಂಥದ್ದು ಏನಿರುತ್ತದೆ? ಭುಜಂಗಣ್ಣನಿಗೆ ಕುತೂಹಲ ತಡೆಯಲಾಗಲಿಲ್ಲ, ಕತ್ತು ಉದ್ದ ಮಾಡಿದ. ಟೀಚರು ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡರು.

“ಕೂರೋಕೆ ಹೇಳಿ, ನೋಡೋಣ.”

“ಮೋದಕಾ, ಕುಳಿತುಕೋ!” ಮೋದಕ ಫ್ಯಾನು ನೋಡಿದ. “ಕೂತ್ಕೋ ಮಾರಾಯ!” ಮೋದಕ ಬಾಲ್ಕನಿ ನೋಡಿದ. ಭುಜಂಗಣ್ಣ ತುಳುವಿಗೂ ಇಳಿದ, “ಕುಲ್ಲು!” ಮೋದಕ ಆಕಳಿಸಿದ. ಟೀಚರು ಮೆಲ್ಲಗೆ ಮರಾಠಿಯಲ್ಲಿ, “ಖಾಲೀ ಬಸ್,” ಎಂದರು. ಧೊಪ್ಪನೆ ಕೂತ!

“ಕನ್ನಡ ಬರಲ್ವಾ ಇವನಿಗೆ?”

“ಇಲ್ಲಿ ಹುಟ್ಟಿದ ಮಕ್ಕಳ ಕತೆ ನಿಮಗೆ ಗೊತ್ತಲ್ಲ ಟೀಚರೇ. ಅರ್ಥ ಎಲ್ಲ ಆಗ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ!”

ತನ್ನ ಜಾಣತನಕ್ಕೆ ತಾನೇ ಬೆರಗಾದ. ಟೀಚರು ಬರೆದುಕೊಂಡರು.

“ಎಲ್ಲಿಂದ ತಂದ್ರಿ?”

“ಊಟಿಯಿಂದ! ಎಸ್ಟೇಟಿನ ದೊಡ್ಡ ಮನೆತನ!”

ಅಡುಗೆಮನೆಯಲ್ಲಿ ಒಂದು ಕೆಮ್ಮು.

“ಮರಿ ತಗೊಳ್ಳೋಕೆ ಮುಂಚೆ ತಾಯೀನ ನೋಡ್ಬೇಕು. ನೋಡಿದ್ರಾ?”

“ನೋಡದೆ? ನಮ್ಮ ಕಡೆ ಮನುಷ್ಯರನ್ನೂ ಮೊದಲು ತಾಯಿಮನೆ ಯಾವುದು ಅಂತಲೇ ಕೇಳುವುದು. ಎಂಥಾ ಗಾಂಭೀರ್ಯ, ಎಂಥಾ ನಡಿಗೆ! ಹೆಸರು ಮಹಾರಾಣಿ!”

ಎರಡು ಕೆಮ್ಮು.

“ಸೊಂಟದ ಎಕ್ಸ್‌ರೇ?”

“ಯಾರದ್ದು, ನನ್ನದಾ?”

“ತಾಯೀದು ರೀ. ಈ ತಳಿಗೆ ಸೊಂಟದ ಕೀಲಿನ ತೊಂದ್ರೆ ತಂದೆತಾಯಿಯಿಂದ ಬರುತ್ತೆ. ಎಕ್ಸ್‌ರೇ ತೆಗೆಸದೆ ಮರಿ ಮಾಡಿಸೋದು ಪಾಪದ ಕೆಲಸ.”

“ಓ, ಅದಾ! ತೆಗೆಸಿದ್ದಾರೆ, ತೆಗೆಸಿದ್ದಾರೆ. ಕಲರ್ ಎಕ್ಸ್‌ರೇ!”

ಅಡುಗೆಮನೆಯಲ್ಲಿ ಕೆಮ್ಮು ಎಷ್ಟು ಜೋರಾಯಿತೆಂದರೆ ಟೀಚರು ಕತ್ತು ತಿರುಗಿಸಿ, “ಸ್ವಲ್ಪ ನೀರು ಕುಡೀರಮ್ಮ,” ಎಂದು ಕೂಗಬೇಕಾಯಿತು.

ಅನಾಹುತ ಬಂದದ್ದು ಮೋದಕನ ಪ್ರೀತಿಯಿಂದ. ಲ್ಯಾಬ್ರಡಾರ್‌ಗಳಿಗೆ ಒಂದು ಗುಣ. ಇಷ್ಟಪಟ್ಟವರಿಗೆ ಏನಾದರೂ ತಂದುಕೊಡದಿದ್ದರೆ ಸಮಾಧಾನವಿಲ್ಲ. ಮೋದಕ ಮನೆಯೆಲ್ಲ ಮೂಸಿ, ಕೊನೆಗೆ ಸೋಫಾದ ಅಡಿಗೆ ತೂರಿ, ಒಂದು ಡಬ್ಬಿ ಕಚ್ಚಿ ತಂದು ಟೀಚರ ಮಡಿಲಲ್ಲಿ ಇಟ್ಟ. ಮುಚ್ಚಳ ಕಳಚಿತು. ಬಂಗಾರದ ಅಕ್ಷರಗಳು ಹೊಳೆದವು.

ಟೀಚರು ಕಾರ್ಡನ್ನು ಎರಡು ಸಲ ಓದಿದರು. “ಸದಾ ಲಭ್ಯ?”

“ಅದು… ಹೋಟೆಲಿನ ಅಭ್ಯಾಸ ಟೀಚರೇ. ಗಿರಾಕಿ ಬಂದಾಗ ಖಾಲಿ ಅನ್ನಬಾರದು. ಒಂದು ತಟ್ಟೆ ಇಡ್ಲಿ ಇಳಿಯುವಾಗ ಇನ್ನೊಂದು ಏರಿರಬೇಕು.”

“ಇಡ್ಲಿ ತಟ್ಟೆಗೆ ಸುಸ್ತಾಗಲ್ಲ ರೀ. ತಾಯಿಗೆ ಆಗುತ್ತೆ.”

ಅವರು ದನಿ ಏರಿಸಲಿಲ್ಲ, ಅದೇ ಭಯವಾಗುವಂತಿತ್ತು. “ನಮ್ಮ ಚಂಪಾ ಇಡೀ ಆಯುಷ್ಯದಲ್ಲಿ ಹೆತ್ತಿದ್ದು ಮೂರೇ ಸಲ. ಈಗ ಅವಳ ಮಗಳದು ಆರು ಮರಿ ಇದೆ, ಐವತ್ತು ಜನ ಫೋನ್ ಮಾಡಿದಾರೆ. ನಲವತ್ತು ಜನಕ್ಕೆ ಆಗಲ್ಲ ಅಂದಿದೀನಿ. ಯಾಕೆ ಗೊತ್ತಾ? ಮೊದಲನೇ ಸೂಲಲ್ಲಿ ಒಂದು ಮರೀನ ಮನೆ ನೋಡದೆ ಕೊಟ್ಟುಬಿಟ್ಟೆ. ವರ್ಷದ ಮೇಲೆ ಹೋದ್ರೆ, ಬೀಗ ಹಾಕಿದ ಮನೆ ಬಾಲ್ಕನೀಲಿ ಸರಪಳಿ ಹಾಕಿ ಕಟ್ಟಿದ್ರು. ಮೈಯೆಲ್ಲ ಹುಣ್ಣು. ನನ್ನ ನೋಡಿ ಆಗ್ಲೂ ಬಾಲ ಅಲ್ಲಾಡಿಸ್ತು.” ಟೀಚರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ಅವತ್ತಿಂದ ಮನೆ ನೋಡದೆ ಕೊಡಲ್ಲ.”

ಸುಂದರಿ ಸೌಟಿನ ಸಮೇತ ಹೊರಗೆ ಬಂದು ನಿಂತಿದ್ದಳು.

“ಈಗ ಮಹಾರಾಣಿಯವರ ವಿಚಾರ,” ಎಂದು ಟೀಚರು ಚೀಲದಿಂದ ಟಾರ್ಚಿನಂಥ ಯಂತ್ರ ತೆಗೆದರು. ಮೋದಕನ ಕತ್ತಿನ ಮೇಲೆ ಆಡಿಸಿದರು. ಪೀಂ! ಮರಿಯಿದ್ದಾಗ ಚರ್ಮದಡಿ ಹಾಕಿದ್ದ ಗುರುತಿನ ಮೈಕ್ರೋಚಿಪ್‌ನ ನಂಬರು ಪರದೆಯ ಮೇಲೆ ಮೂಡಿತು. ನೋಟ್‌ಬುಕ್ಕಿನ ಹಳೆಯ ಪುಟ ತಿರುವಿದರು. “ಚಂಪಾನ ಎರಡನೇ ಸೂಲು. ಗುರುತಿಗೆ ಅಂತ ಕೊರಳಿಗೆ ಹಳದಿ ದಾರ ಕಟ್ಟಿದ್ದ ಮರಿ. ಎಡಗಿವಿ ಒಳಗೆ ಮಚ್ಚೆ. ಇವನು ಹುಟ್ಟಿದ್ದು ಊಟಿ ಎಸ್ಟೇಟಲ್ಲಲ್ಲ, ಕಲ್ಯಾಣದಲ್ಲಿ, ನಮ್ಮ ಅಡುಗೆಮನೆ ಪಕ್ಕ. ನಿಮ್ಮ ಮಹಾರಾಣಿ ಈಗ ನಮ್ಮ ಸೋಫಾ ಮೇಲೆ ಗೊರಕೆ ಹೊಡೀತಿದಾಳೆ.”

ಭುಜಂಗಣ್ಣ ಆಗಲೂ ಸೋಲೊಪ್ಪಲಿಲ್ಲ! “ಒಂದೇ ನಂಬರಿನ ಎರಡು ನಾಯಿ ಇರ್ಬಹುದಲ್ಲ ಟೀಚರೇ, ಈಗ ರಿಕ್ಷಾಗಳಲ್ಲೇ ಒಂದೇ ನಂಬರಿನವು ಎರಡೆರಡು…”

ಬೆಲ್ಲಾಯಿತು. ಬಾಗಿಲಲ್ಲಿ ದಮಯಂತಿ ಕಾಕು, ಕೈಯಲ್ಲಿ ಸ್ಟೀಲಿನ ಬಟ್ಟಲು. “ಭಾವು, ಮೋದಕಚೀ ಜೇವಣಾಚೀ ವೇಳ ಝಾಲೀ!” ಅಷ್ಟರಲ್ಲಿ ಒಳಗೆ ಕಣ್ಣು ಹೋಯಿತು. “ಅಗ ಬಾಯೀ! ಟೀಚರ್, ತುಮ್ಹೀ ಇಥೇ?” ಎಂದು ಮೋದಕನನ್ನು ಕೊಟ್ಟ ಟೀಚರನ್ನು ಇಲ್ಲಿ ಕಂಡು ಬೆರಗಾದರು.

ಊಟದ ಹೊತ್ತಾಯಿತೆಂದು ಬಂದ ಕಾಕುವಿನ ಬಟ್ಟಲಿನ ಎದುರು ಊಟಿ, ಎಸ್ಟೇಟು, ಕಲರ್ ಎಕ್ಸ್‌ರೇ ಎಲ್ಲವೂ ಒಟ್ಟಿಗೆ ಕುಸಿದವು. ಭುಜಂಗಣ್ಣ ನೆಲದ ಮೇಲೆ ಕೂತುಬಿಟ್ಟ.

“ಕೆನೆಲ್ಲೂ ಇಲ್ಲ, ಎಂಥದ್ದೂ ಇಲ್ಲ ಟೀಚರೇ,” ಎಂದ. ಗಲ್ಲಾದ ದನಿ ಹೋಗಿ ಹುಡುಗನ ದನಿ ಬಂದಿತ್ತು. “ನನಗೆ ಒಂದು ನಾಯಿ ಬೇಕಿತ್ತು. ಅಷ್ಟೇ.” ಆ ಕಂದು ನಾಯಿಯನ್ನು, ಹರಿದ ದೋಸೆಗಳನ್ನು, ಈಗಿನ ಉದ್ದುದ್ದ ಹಗಲುಗಳನ್ನು ಹೇಳಿದ. ಹೇಳುತ್ತ ಕಣ್ಣು ತುಂಬಿದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಮೋದಕ ಬಟ್ಟಲನ್ನೂ ಬಿಟ್ಟು ಬಂದು ಅವನ ತೊಡೆಯ ಮೇಲೆ ತಲೆಯಿಟ್ಟ.

“ಇದು ನಿಜ ಟೀಚರ್,” ಎಂದಳು ಸುಂದರಿ ಮೆಲ್ಲಗೆ. “ಬೇಕಾದ್ರೆ ಕಿವಿ ನೋಡಿ, ಸುಳ್ಳಾದ್ರೆ ಕೆಂಪಾಗ್ತದೆ.”

ಟೀಚರು ನಿಜಕ್ಕೂ ನೋಡಿದರು. ಎಡಗಿವಿ, ಬಲಗಿವಿ, ಎರಡೂ. ಆಮೇಲೆ ನೋಟ್‌ಬುಕ್ಕಿನಲ್ಲಿ ಬಹಳ ಹೊತ್ತು ಬರೆದು, ಮುಚ್ಚಿ, ಹೇಳಿದರು: “ಮರಿ ಕೊಡಲ್ಲ.”

ಭುಜಂಗಣ್ಣನ ತಲೆ ತಗ್ಗಿತು.

“ಮರಿಗೆ ನೀವು ಕಲಿಸ್ಬೇಕಾಗುತ್ತೆ. ನಿಮಗೆ ಕಲಿಸೋ ನಾಯಿ ಬೇಕು. ಚಂಪಾಗೆ ಏಳು ವರ್ಷ ಆಯ್ತು. ಇನ್ನು ಹೆರೋದು ಬೇಡ ಅಂತ ಆಪರೇಷನ್ ಮಾಡಿಸಿದೀನಿ. ಮಗಳು, ಮೊಮ್ಮಕ್ಕಳ ಗಲಾಟೇಲಿ ಅವಳಿಗೆ ನಿದ್ದೆ ಇಲ್ಲ. ಹಗಲೆಲ್ಲ ಜೊತೆಗಿರೋ ಒಬ್ಬ ಮನುಷ್ಯ ಅವಳಿಗೂ ಬೇಕು. ಒಂದು ಷರತ್ತು. ಅವಳನ್ನ ಒಪ್ಪಿಸೋ ಕಾಗದಕ್ಕೆ ಸುಂದರಿಯವರು ಸಹಿ ಹಾಕ್ಲಿ.”

ಭಾನುವಾರ ಚಂಪಾ ಬಂದಳು. ಮೂತಿಯ ಸುತ್ತ ನರೆ, ನಡಿಗೆಯಲ್ಲಿ ಗಾಂಭೀರ್ಯ; ಆ ಒಂದು ವಿಷಯದಲ್ಲಿ ಭುಜಂಗಣ್ಣ ಹೇಳಿದ್ದು ಸುಳ್ಳಾಗಿರಲಿಲ್ಲ! ಮನೆಯ ಕೋಣೆಗಳನ್ನೆಲ್ಲ ಒಂದು ಸಲ ತಪಾಸಣೆ ಮಾಡಿ, ಅವನ ಪಾದದ ಮೇಲೆ ಗದ್ದವಿಟ್ಟು ಮಲಗಿದಳು. ಕಾಲು ಜೋಮು ಹಿಡಿದರೂ ಭುಜಂಗಣ್ಣ ಒಂದು ಗಂಟೆ ಅಲ್ಲಾಡಲಿಲ್ಲ. ಐನೂರು ಕಾರ್ಡುಗಳ ಹಿಂಭಾಗದಲ್ಲಿ ಸುಂದರಿ ಸಾಮಾನಿನ ಪಟ್ಟಿ ಬರೆಯತೊಡಗಿದಳು.

ಚಂಪಾಳ ಜೊತೆ ಒಂದು ಫೈಲೂ ಬಂದಿತ್ತು. ಲಸಿಕೆಯ ಕಾರ್ಡು, ಎಕ್ಸ್‌ರೇ, ಊಟದ ಪಟ್ಟಿ, ಕೊನೆಗೆ ಟೀಚರ ನೋಟ್‌ಬುಕ್ಕಿನಿಂದ ಹರಿದ ಎರಡು ಪುಟ. ಅಂತೂ ಆ ನೋಟ್‌ಬುಕ್! ಭುಜಂಗಣ್ಣ ಕನ್ನಡಕಕ್ಕೆ ತಡಕಾಡಿದ. “ಓದು, ಬೇಗ ಓದು!”

ಸುಂದರಿ ಓದಿದಳು. “ವಯಸ್ಸಿಗೆ ಮೀರಿದ ತೂಕ. ದಿನಕ್ಕೆ ಎರಡು ಹೊತ್ತು ತಪ್ಪದೆ ನಡೆಸಬೇಕು.”

“ಪಾಪ, ನಡೆಸುವಾ.”

“ಹೊಸಬರು ಬಂದರೆ ವಿಪರೀತ ಗದ್ದಲ. ಆದರೆ ಕಚ್ಚುವ ಸ್ವಭಾವವಲ್ಲ. ಕರಿದ ತಿಂಡಿ ಕೈಗೆ ಸಿಗದಂತೆ ಇಡಬೇಕು. ಮನೆಯಲ್ಲಿ ಒಂಟಿಯಾಗಿ ಬಿಟ್ಟರೆ ಏನಾದರೊಂದು ಅನಾಹುತ ಖಂಡಿತ.”

“ಅಯ್ಯೋ ದೇವರೇ!” ಭುಜಂಗಣ್ಣ ಪಾದದ ಮೇಲೆ ಮಲಗಿದ್ದ ಚಂಪಾಳನ್ನು ಗಾಬರಿಯಿಂದ ನೋಡಿದ. “ಇಷ್ಟು ಐಬು ಇದ್ದದ್ದನ್ನು ಟೀಚರು ಸುಮ್ಮನೆ ನಮ್ಮ ತಲೆಗೆ ಕಟ್ಟಿದ್ರಾ?”

“ಮೂಲತಃ ಒಳ್ಳೆಯ ಜೀವ. ಪ್ರೀತಿಯಿಂದ ಹೇಳಿದರೆ ಈ ವಯಸ್ಸಿನಲ್ಲೂ ಕಲಿಸಬಹುದು.” ಸುಂದರಿ ಪುಟ ತಿರುವಿದಳು. “ಇದು ನಿಮ್ಮ ಪುಟ. ಚಂಪಾನದ್ದು ಹಿಂದೆ ಉಂಟು, ಒಂದೇ ಸಾಲು: ‘ಇವರನ್ನು ನೋಡಿಕೊಳ್ಳುತ್ತಾಳೆ.’”