ಇಂದಿನಿಂದ ನಿಮ್ಮ ಹಳೆಯ ಫೋನ್ ಕಸ!

ತಾನು ಬರೆದದ್ದನ್ನು ಹೆಂಡತಿಯೇ ಓದುವುದಿಲ್ಲ ಎಂಬುದು ನಮ್ಮ ಅಳಿಯನ ಹಳೆಯ ಕೊರಗು. ಸುದ್ದಿ ಜಾಲತಾಣವೊಂದರಲ್ಲಿ ಅವನಿಗೆ ಕೆಲಸ. ಕಂಪ್ಯೂಟರು, ಮೊಬೈಲು, ಇಂಟರ್ನೆಟ್ಟುಗಳ ಲೋಕದಲ್ಲಿ ನಡೆದದ್ದನ್ನೆಲ್ಲ ಹಿಂಡಿ, ಪ್ರತಿದಿನ ಬೆಳಿಗ್ಗೆ ಎಂಟರೊಳಗೆ ಹತ್ತು ಸುದ್ದಿ ಮಾಡಿ 'ಇಂದಿನ ತಂತ್ರಲೋಕ' ಎಂಬ ಹೆಸರಿನಲ್ಲಿ ಹಾಕಬೇಕು. ಏನೂ ನಡೆಯದಿದ್ದರೂ ಹತ್ತು ಆಗಲೇಬೇಕು. (ಒಂಬತ್ತೇ ನಡೆದ ದಿನ ಹತ್ತನೆಯದನ್ನು 'ತಜ್ಞರ ಪ್ರಕಾರ' ಎಂದು ಶುರುಮಾಡುತ್ತಿದ್ದ. ಆ ತಜ್ಞರು ಯಾರು ಎಂದು ಈವರೆಗೆ ಒಬ್ಬರೂ ಕೇಳಿಲ್ಲ.)

ಹೆಂಡತಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದಳು. ಕೊಳವೆಯೊಳಗೆ ಕಂಡದ್ದನ್ನು ಮಾತ್ರ ನಂಬುವ ಹೆಣ್ಣು.

"ಓದೇ ಒಂದ್ಸಲ," ಎಂದು ಇವನು ಗೋಗರೆದರೆ, "ನಿಮ್ಮ ತಲೆಬರಹ ನೋಡಿದ್ರೆ ಬಿ.ಪಿ. ಏರತ್ತೆ, ಒಳಗೆ ಓದಿದ್ರೆ ಇಳಿಯತ್ತೆ. ಏರಿಸಿ ಇಳಿಸೋಕೆ ನಂಗೆ ಪುರುಸೊತ್ತಿಲ್ಲ ರೀ," ಎನ್ನುತ್ತಿದ್ದಳು.

ಓದುತ್ತಿದ್ದವರು ಅತ್ತೆ ಒಬ್ಬರೇ. ಒಂದೂವರೆ ವರ್ಷದ ಹಿಂದೆ ಮಾವ ತೀರಿಕೊಂಡ ಮೇಲೆ ಅವರು ಮಗಳ ಮನೆಗೆ ಬಂದಿದ್ದರು. ಬೆಳಗಿನ ಕಾಫಿ ಪಕ್ಕಕ್ಕಿಟ್ಟು, ಕನ್ನಡಕ ಏರಿಸಿ, ಒಂದೊಂದು ಸಾಲಿಗೂ ಬೆರಳಿಟ್ಟು ಓದುವರು. ಓದುವುದಷ್ಟೇ ಅಲ್ಲ, ಪಾಲಿಸುವರು. ದಿಂಬಿನ ಕೆಳಗೆ ಫೋನ್ ಇಡಬೇಡಿ ಎಂದು ಬರೆದ ದಿನ ದಿಂಬನ್ನೇ ಬಿಟ್ಟರು. ಪಾಸ್‌ವರ್ಡ್ ಯಾರಿಗೂ ಸುಲಭಕ್ಕೆ ಸಿಗಬಾರದು ಎಂದು ಬರೆದ ದಿನ ಅವರು ಇಟ್ಟ ಪಾಸ್‌ವರ್ಡ್ ಅವರಿಗೂ ಸಿಗಲಿಲ್ಲ. ಅಳಿಯ ಇದನ್ನು ಕಚೇರಿಯಲ್ಲಿ ಹೇಳಿಕೊಂಡು ನಗುತ್ತಿದ್ದ. ಒಳಗೊಳಗೇ ಉಬ್ಬುತ್ತಲೂ ಇದ್ದ. ತನ್ನ ಮಾತನ್ನು ಶಾಸನದಂತೆ ತಿಳಿಯುವ ಒಂದು ಜೀವ ಭೂಮಂಡಲದ ಮೇಲೆ ಇದೆಯಲ್ಲ!

ಆ ದಿನ ಬೆಳಿಗ್ಗೆ ಸಪ್ಪೆ ಸುದ್ದಿಯೊಂದು ಬಂತು. ಸಂದೇಶ ಕಳಿಸುವ ಒಂದು ಸೇವೆ ಮುಂದಿನ ವರ್ಷದಿಂದ ಎರಡು ಹಳೇ ಮಾದರಿಯ ಫೋನುಗಳಲ್ಲಿ ನಡೆಯುವುದಿಲ್ಲ, ಅಷ್ಟೇ. ಸಂಪಾದಕರು ಕುರ್ಚಿಯ ಹಿಂದೆ ಬಂದು ನಿಂತರು.

"ಏನಯ್ಯಾ ಇದು, ಆಸ್ಪತ್ರೆ ಗಂಜಿ ಥರ? ಓದೋನ ಬೆರಳು ತಡ್ಕೊಳ್ಳಬಾರದು ಕಣಯ್ಯ!"

ಅಳಿಯ ಅದನ್ನು ನಾಲ್ಕನೆಯ ಸುದ್ದಿಯಾಗಿ ಬರೆದ: 'ಇಂದಿನಿಂದ ನಿಮ್ಮ ಹಳೆಯ ಫೋನ್ ಕಸ! ಕೂಡಲೇ ಹೀಗೆ ಮಾಡಿ.' ಕೆಳಗೆ, ಫೋನಿನಲ್ಲಿರುವುದೆಲ್ಲವನ್ನೂ ಅಳಿಸುವ ಐದು ಹಂತಗಳು. ಏಳನೆಯ ಸುದ್ದಿ ಯಂತ್ರದಿಂದ ಧ್ವನಿಯನ್ನು ನಕಲು ಮಾಡುವ ಬಗ್ಗೆ ಇತ್ತು. ಅದಕ್ಕೆ 'ನಿಮ್ಮವರ ಧ್ವನಿ ಈಗ ಕಳ್ಳರ ಕೈಯಲ್ಲಿ?' ಎಂದು ಹಾಕಿದ. (ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಅದು ಸುಳ್ಳಲ್ಲ, ಕುತೂಹಲ. ಇದು ಆ ವೃತ್ತಿಯ ಧರ್ಮಸೂಕ್ಷ್ಮ.)

ಮಧ್ಯಾಹ್ನದ ಹೊತ್ತಿಗೆ ಓದಿದವರ ಲೆಕ್ಕ ಲಕ್ಷ ದಾಟಿತು. ಸಂಪಾದಕರು ಎಲ್ಲರೆದುರು ಬೆನ್ನು ತಟ್ಟಿದರು. ಅಳಿಯ ಮೂರು ಗಂಟೆಗೆ ಮನೆಯ ಮೆಟ್ಟಿಲು ಹತ್ತಿದ್ದು ದಿಗ್ವಿಜಯ ಮುಗಿಸಿ ಬಂದವನಂತೆ.

"ಬಂದ್ರಾ ಅಳಿಯಂದ್ರೇ," ಅತ್ತೆ ಬಾಗಿಲಲ್ಲೇ ಎದುರುಗೊಂಡರು. "ಒಳ್ಳೇ ಸಮಯಕ್ಕೆ ಹೇಳಿದ್ರಿ ನೋಡಿ. ಎಲ್ಲ ಮುಗಿಸಿಬಿಟ್ಟೆ."

"ಏನು ಅತ್ತೆ?"

"ಅಳಿಸಿದೆ. ಐದೂ ಹಂತ."

ಅವರ ಕೈಯಲ್ಲಿ ಹಳೆಯ ಫೋನಿತ್ತು. ಅಂಚು ಸವೆದದ್ದು, ಬೆನ್ನು ಬಿಚ್ಚಿಹೋಗದಂತೆ ರಬ್ಬರ್ ಬ್ಯಾಂಡ್ ಸುತ್ತಿದ್ದು. ಅದರಲ್ಲಿ ಏನಿತ್ತೆಂದು ಆ ಮನೆಯ ಗೋಡೆಗಳಿಗೂ ಗೊತ್ತು. ಮಾವ ಬದುಕಿದ್ದಾಗ ಹೆಂಡತಿಗೆ ಕಳಿಸಿದ ಧ್ವನಿ ಸಂದೇಶಗಳು. ಅವರು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವರು. ಮುದ್ರಣಾಲಯದಿಂದ, ತರಕಾರಿ ಅಂಗಡಿಯ ಸಾಲಿನಿಂದ, ಕೊನೆಕೊನೆಗೆ ಆಸ್ಪತ್ರೆಯ ಬೆಂಚಿನಿಂದ ಕಳಿಸಿದ ಮಾತುಗಳು. ಮಧ್ಯಾಹ್ನ ಅತ್ತೆ ಅದನ್ನು ಬೀರುವಿನಿಂದ ತೆಗೆದುಕೊಂಡು ಅಡ್ಡಾದಾಗ ಅವರ ಕಿವಿಯ ಬಳಿ ಮಾವ ಕೇಳುತ್ತಿದ್ದರು: "ಟೊಮೇಟೊ ಮೆತ್ತಗಿದೆ ಕಣೇ. ತರಲಾ, ಬೇಡವಾ?" ಅತ್ತೆ ಕಣ್ಣು ಮುಚ್ಚಿಕೊಂಡೇ, "ಬೇಡ," ಎನ್ನುತ್ತಿದ್ದರು.

"ಅದನ್ಯಾಕೆ ಅತ್ತೆ..."

"ನಾಲ್ಕನೇದ್ರಲ್ಲಿ ಕಸ ಅಂದ್ರಿ. ಸರಿ, ಕಸವೇ ಆಗ್ಲಿ, ನಂಗೆ ಕೇಳೋದಷ್ಟೇ ತಾನೇ ಅಂತ ಸುಮ್ಮನಿದ್ದೆ. ಏಳನೇದು ಓದಿದ ಮೇಲೆ ಎದೆ ಒಡೀತು. ಯಾವನೋ ಅವರ ದನಿ ಕದ್ದು, ಆ ದನೀಲಿ ನಾಲ್ಕು ಜನಕ್ಕೆ ಸುಳ್ಳು ಹೇಳಿದ್ರೆ? ಬದುಕಿದ್ದಷ್ಟು ದಿನ ಒಂದು ಸುಳ್ಳು ಆಡಿದ ಬಾಯಲ್ಲ ಅದು. ನನ್ನ ಆಸೆಗೆ ಅದನ್ನ ಮೈಲಿಗೆ ಮಾಡ್ಲಾ? ಅತ್ತುಕೊಂಡೇ ಒತ್ತಿದೆ."

ಅಂದು ಹೆಂಡತಿಗೆ ರಜೆ. ಅವಳು ಅಡುಗೆಮನೆಯಿಂದ ಬಂದಳು, ತನ್ನ ಫೋನ್ ತೆಗೆದಳು, ಮದುವೆಯಾದ ಮೇಲೆ ಮೊದಲ ಬಾರಿಗೆ ಗಂಡನ ಸುದ್ದಿಯನ್ನು ಪೂರ್ತಿ ಓದಿದಳು. ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದಳು: "'ಈ ಬದಲಾವಣೆ ಎರಡು ಮಾದರಿಗಳಿಗೆ ಮಾತ್ರ, ಅದೂ ಮುಂದಿನ ವರ್ಷದಿಂದ ಅನ್ವಯ.' ಅಮ್ಮನ ಫೋನ್ ಆ ಎರಡರಲ್ಲಿ ಇದ್ಯಾ ರೀ?"

"ಇಲ್ಲ."

"ಧ್ವನಿ ಕದಿಯೋರು ಬೀರೂನಲ್ಲಿಟ್ಟ ಫೋನಿಗೆ ಬರ್ತಾರಾ?"

"ಅದು... ಪ್ರಶ್ನಾರ್ಥಕ ಹಾಕಿದ್ನಲ್ಲ..."

ಹೆಂಡತಿ ನೋಡಿದ ನೋಟಕ್ಕೆ ಆ ಚಿಹ್ನೆಯೂ ಬೆನ್ನು ಬಗ್ಗಿಸಿ ಕೂರುತ್ತಿತ್ತು. ಅತ್ತೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು. ಕನ್ನಡಕ ತೆಗೆದು ಒರೆಸುತ್ತ, "ಹಾಗಾದ್ರೆ ಅಳಿಸ್ಬೇಕಾಗಿರ್ಲಿಲ್ವಾ?" ಎಂದು ಮೆಲ್ಲಗೆ ಕೇಳಿದರು, ಅಷ್ಟೇ. ಅಳಿಯನಿಗೆ ನಿಂತ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ನೆಲವೂ ಅವನ ಮಾತು ಕೇಳಲಿಲ್ಲ.

ಮೂವರೂ ಬೀದಿಯ ತುದಿಯ ಮೊಬೈಲ್ ರಿಪೇರಿ ಅಂಗಡಿಗೆ ಓಡಿದರು. ಮೇಜಿನ ಮೇಲೆ ಹಳೆಯ ಫೋನುಗಳ ರಾಶಿ ಬಿದ್ದಿತ್ತು. ರಿಪೇರಿಯವನು ತಲೆ ಎತ್ತದೆಯೇ ಹೇಳಿದ:

"ಹತ್ತೊಂಬತ್ತನೇಯೋರು ನೀವು. ಯಾವನೋ ತಂತ್ರಲೋಕದೋನು ಬರೆದಿದ್ದಾನಂತೆ. ಅವನ ಕೈಗೆ ಹಾವು ಕಚ್ಲಿ!"

"ಹಾಗನ್ನಬೇಡಪ್ಪಾ," ಅತ್ತೆ ತಡೆದರು. "ಅವರಿಗೂ ಮನೆ ಮಕ್ಕಳು ಇರ್ತಾರೆ."

"ಅವರ ಮನೇಲಿ ಇದನ್ನ ಓದೋರು ಇರಲ್ಲಮ್ಮಾ. ಇದ್ದಿದ್ರೆ ಹೀಗೆ ಬರೀತಿದ್ನಾ?"

ಹೆಂಡತಿ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡಿದಳು. ಅಳಿಯ ತನ್ನ ಚಪ್ಪಲಿಯನ್ನು ನೋಡಿದ.

ರಿಪೇರಿಯವನು ಫೋನಿಗೆ ತಂತಿ ಸಿಕ್ಕಿಸಿ ಹತ್ತು ನಿಮಿಷ ಜಾಲಾಡಿ ಕೈಚೆಲ್ಲಿದ. "ಏನೂ ಉಳಿದಿಲ್ಲ. ಆ ಐದು ಹಂತ ಎಷ್ಟು ಸರಿಯಾಗಿ ಬರೆದಿದ್ದಾನೆ ಅಂದ್ರೆ, ನಾನೂ ಇಷ್ಟು ಶುದ್ಧವಾಗಿ ಅಳಿಸಲ್ಲ."

ಇಡೀ ಬರಹದಲ್ಲಿ ನಿಜವಾಗಿದ್ದದ್ದು ಆ ಐದು ಹಂತಗಳು ಮಾತ್ರ. ಅತ್ತೆ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಖಾಲಿ ಫೋನನ್ನು ಮಡಿಲಲ್ಲಿಟ್ಟುಕೊಂಡು ಅದರ ರಬ್ಬರ್ ಬ್ಯಾಂಡ್ ಸರಿಮಾಡಿದರು, ಇನ್ನೂ ಒಳಗೆ ಯಾರೋ ಇದ್ದಾರೆ ಎಂಬಂತೆ.

"ಯಜಮಾನ್ರು ಬೇರೆ ಯಾರಿಗಾದ್ರೂ ಹೀಗೆ ದನಿ ಕಳಿಸ್ತಿದ್ರಾ ಅಮ್ಮಾ? ಅಲ್ಲಿ ಸಿಗಬಹುದು."

"ನಂಗೆ. ಮತ್ತೆ..." ಅತ್ತೆ ತಲೆ ಎತ್ತಿದರು. "ಅಳಿಯಂದ್ರಿಗೆ! ದಿನಾ ಬೆಳಿಗ್ಗೆ ಇವರ ಸುದ್ದಿ ಓದಿ ಏನೋ ಕಳಿಸ್ತಿದ್ರು. ಅಲ್ವಾ ಅಳಿಯಂದ್ರೇ?"

ಕಳಿಸುತ್ತಿದ್ದದ್ದು ನಿಜ. ಕರಡು ತಿದ್ದಿದ ಕೈ, ತಪ್ಪು ಹುಡುಕುತ್ತಾರೆ ಎಂದು ಹೆದರಿ ಅವನು ಮಾವನ ಸಂದೇಶಗಳ ಸದ್ದಡಗಿಸಿ ಇಟ್ಟಿದ್ದ. ಬಂದ ಕೂಡಲೇ ಕೇಳದೆ ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಕೈತೊಳೆದುಕೊಳ್ಳುತ್ತಿದ್ದ.

ರಿಪೇರಿಯವನು ಕೈ ಚಾಚಿದ. ಅಳಿಯನಿಗೆ ತನ್ನ ಫೋನ್ ಕೊಡದೆ ವಿಧಿ ಇರಲಿಲ್ಲ.

"ಇವೆ! ನೂರ ನಲವತ್ತಮೂರು," ಎಂದ ರಿಪೇರಿಯವನು. ಅತ್ತೆಯ ಮುಖ ಅರಳಿತು. ಅವನ ಬೆರಳು ಪರದೆಯ ಮೇಲೆ ಸರಿಯುತ್ತ ಹೋಯಿತು. "ಸಾರ್, ಒಂದನ್ನೂ ತೆರೆದೇ ಇಲ್ಲವಲ್ಲ? ಎಲ್ಲದರ ಕೆಳಗೂ ಹೆಬ್ಬೆರಳು ಮಾತ್ರ ಇದೆ."

ರಿಪೇರಿಯವನೇ ಮೊದಲನೆಯದನ್ನು ಒತ್ತಿದ. ಪುಟ್ಟ ಕೆಮ್ಮು, ಆಮೇಲೆ ಮಾವನ ನಿಧಾನದ ಮಾತು:

"ಅಳಿಯಂದ್ರೇ, ಇವತ್ತಿನ ತಂತ್ರಲೋಕ ಓದಿದೆ. ಎರಡನೇ ಸುದ್ದಿ ತಲೇಲಿ ಒಂದು ಇದೆ, ಹೊಟ್ಟೇಲಿ ಇನ್ನೊಂದು ಇದೆ. ಪಾಪ, ಗಡಿಬಿಡೀಲಿ ಆಗಿರತ್ತೆ. ತಿದ್ದಿಬಿಡಿ."

ಅತ್ತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಕಣ್ಣು ಸುರಿಯುತ್ತಿತ್ತು, ಭುಜ ನಗುತ್ತಿತ್ತು. "ಅವರೇ! ಊಟಕ್ಕೆ ಉಪ್ಪು ಕಮ್ಮಿ ಅನ್ನೋಕೂ ಇದೇ ದನಿ!"

ರಿಪೇರಿಯವನು ಮಾತ್ರ ಮೆಲ್ಲಗೆ ಸ್ಕ್ರೂಡ್ರೈವರ್ ಕೆಳಗಿಟ್ಟ. "ಸಾರ್... ಆ ತಂತ್ರಲೋಕದೋನು ನೀವೇನಾ?"

ಅಳಿಯ ಅಲ್ಲೇ, ಹತ್ತೊಂಬತ್ತು ಫೋನುಗಳ ಎದುರಿಗೆ ನಿಂತು ತಲೆಬರಹ ಬದಲಾಯಿಸಿದ: 'ಎರಡು ಹಳೆಯ ಮಾದರಿಗಳಲ್ಲಿ ಮುಂದಿನ ವರ್ಷದಿಂದ ಸಂದೇಶ ಸೇವೆ ಇಲ್ಲ.' ಹಿಂದಿನದು ತಪ್ಪಾಗಿತ್ತು ಎಂದೂ ಕೆಳಗೆ ಬರೆದ. ಐದೇ ನಿಮಿಷದಲ್ಲಿ ಸಂಪಾದಕರ ಫೋನ್ ಬಂತು. "ಯಾವನಯ್ಯಾ ಓದ್ತಾನೆ ಇದನ್ನ?"

"ನಮ್ಮತ್ತೆ ಓದ್ತಾರೆ ಸಾರ್," ಎಂದ.

ಎಲ್ಲವನ್ನೂ ಒಮ್ಮೆಗೇ ಕೇಳುವುದು ಬೇಡ ಎಂದು ಅತ್ತೆ ತೀರ್ಪು ಕೊಟ್ಟರು. ದಿನಕ್ಕೊಂದು. ಬೆಳಗಿನ ತಿಂಡಿಯ ಹೊತ್ತಿಗೆ, ಎಲ್ಲರೂ ಕುಳಿತಾಗ. ಎಂಟರೊಳಗೆ ಸುದ್ದಿ ಹಾಕಬೇಕಾದ ಅಳಿಯನಿಗಾಗಿಯೇ ಆ ಮನೆಯಲ್ಲಿ ತಿಂಡಿಯ ಹೊತ್ತು ನಸುಕಿನ ಐದು ಗಂಟೆಗೆ ಬಂತು. ಹೆಂಡತಿ ಅಲಾರಂ ಇಟ್ಟು ಏಳುತ್ತಾಳೆ. ಗಂಡನ ಸುದ್ದಿ ಓದದವಳು ಈಗ ಅದರ ವಿಮರ್ಶೆಯನ್ನು ಒಂದು ದಿನವೂ ತಪ್ಪಿಸುವುದಿಲ್ಲ.

ಮೊನ್ನೆ ಒಂಬತ್ತನೆಯದು. ಅತ್ತೆ ಅಳಿಯನ ಫೋನನ್ನು ನೀರಿನ ಲೋಟಕ್ಕೆ ಒರಗಿಸಿ ಒತ್ತಿದರು. ಮಾವ ಕೆಮ್ಮಿದರು.

"ಅಳಿಯಂದ್ರೇ, ನಿನ್ನೆ ಹೇಳಿದ್ದಕ್ಕೆ ಹೆಬ್ಬೆರಳು ಕಳಿಸಿದ್ರಿ. ಬಹಳ ಸಂತೋಷ ಆಯ್ತು. ಹೋಗಿ ನೋಡಿದೆ, ತಿದ್ದಿಲ್ಲ. ಕೆಲಸ ಜಾಸ್ತಿ ಇರ್ಬೇಕು. ನಾಳೆ ಮತ್ತೆ ನೆನಪಿಸ್ತೀನಿ."

ಅಳಿಯ ತಟ್ಟೆಯಿಂದ ತಲೆ ಎತ್ತಲಿಲ್ಲ. ಅತ್ತೆ ಅವನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿ, "ನೆನಪಿಸ್ತಾರೆ ಅಳಿಯಂದ್ರೇ," ಎಂದರು. "ಅವರು ಹೇಳಿದ ಮೇಲೆ ಮುಗೀತು. ನೆನಪಿಸೇ ನೆನಪಿಸ್ತಾರೆ."